ಬೋನ್ ಮ್ಯಾರೋ ಬಯಾಪ್ಸಿ: ಸೂಜಿ ಎಲ್ಲಿಗೆ, ನೋವು ಎಷ್ಟು ಹೊತ್ತು?

ಡಾಕ್ಟರು "ಒಂದು ಬೋನ್ ಮ್ಯಾರೋ ಮಾಡಿಸಿಬಿಡೋಣ" ಅಂದಾಗ ನಮ್ಮ ಚಿಕ್ಕಪ್ಪನ ಕೈ ತಾನಾಗಿಯೇ ಬೆನ್ನಿಗೆ ಹೋಯಿತು. ಪಕ್ಕದಲ್ಲಿ ಕೂತಿದ್ದ ನನ್ನ ತಲೆಯಲ್ಲೂ ಅದೇ ಓಡುತ್ತಿತ್ತು. ಬೆನ್ನುಹುರಿಗೆ ದಪ್ಪ ಸೂಜಿ ಚುಚ್ಚುತ್ತಾರಂತೆ, ಆಮೇಲೆ ಕಾಲಿನ ಸ್ವಾಧೀನ ಹೋಗುತ್ತದಂತೆ, ಜೀವ ಹೋಗುವಷ್ಟು ನೋವಂತೆ. ಎಲ್ಲ ಅಂತೆ-ಕಂತೆ. ಆಮೇಲೆ ಮೂರು ಸಲ ಅವರ ಜೊತೆ ಹೋಗಿಬಂದೆ. ಕೇಳಿದೆ, ಓದಿದೆ, ಒಮ್ಮೆ ಪಕ್ಕದಲ್ಲೇ ನಿಂತು ನೋಡಿದೆ. ಆ ಅಂತೆ-ಕಂತೆಗಳಲ್ಲಿ ಸ್ವಲ್ಪವಾದರೂ ನಿಜ ಇದ್ದದ್ದು ಒಂದರಲ್ಲಿ ಮಾತ್ರ: ನೋವು ಇದೆ. ಅದು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಮೊದಲ ಸಲ ಅವರಿಗೆ ಯಾರೂ ಹೇಳಿರಲಿಲ್ಲ. ಎರಡನೇ ಸಲ ಹೇಳಿದ್ದರು. ಸೂಜಿ ಅದೇ, ಜಾಗ ಅದೇ. ಆದರೂ ಅವರು ಎದ್ದು ಬಂದ ಮುಖವೇ ಬೇರೆ ಇತ್ತು. ಈ ಲೇಖನ ಬರೆಯುತ್ತಿರುವುದೇ ಆ ಕಾರಣಕ್ಕೆ.

ಮೊದಲು ಬೆನ್ನುಹುರಿಯ ಭಯ. ಮೂಳೆಯೊಳಗಿನ ಮಜ್ಜೆಯ (ಅದೇ ಬೋನ್ ಮ್ಯಾರೋ) ಮಾದರಿ ತೆಗೆಯುವ ಈ ಪರೀಕ್ಷೆಯಲ್ಲಿ ಸೂಜಿ ಬೆನ್ನುಹುರಿಯ ತಂಟೆಗೇ ಹೋಗುವುದಿಲ್ಲ. ಬೆನ್ನು ಮುಗಿದು ಪೃಷ್ಠ ಶುರುವಾಗುವ ಕಡೆ, ನಡುವಿನ ಗೆರೆಯ ಎರಡೂ ಬದಿಗೆ ಒಂದೊಂದು ಸಣ್ಣ ಗುಳಿ ಇರುತ್ತದೆ. ಕೆಲವರಿಗೆ ಎದ್ದು ಕಾಣುತ್ತದೆ, ಕೆಲವರಿಗೆ ಬೆರಳಿನಿಂದ ತಡವಿದರೆ ಮಾತ್ರ ಗೊತ್ತಾಗುತ್ತದೆ. ಆ ಗುಳಿಯ ಕೆಳಗೆ ಒತ್ತಿ ನೋಡಿ, ಗಟ್ಟಿಯಾದ ಒಂದು ಉಬ್ಬು ಸಿಗುತ್ತದೆ. ಅದು ಸೊಂಟದ ಮೂಳೆ. ಸೂಜಿ ಹೋಗುವುದು ಅಲ್ಲಿಗೆ. ದೊಡ್ಡವರಲ್ಲಿ ಬೆನ್ನುಹುರಿ ಅದಕ್ಕಿಂತ ಸಾಕಷ್ಟು ಮೇಲೆಯೇ ಮುಗಿದುಹೋಗಿರುತ್ತದೆ.

ಹಾಗಾದರೆ ಈ ಗೊಂದಲ ಹುಟ್ಟಿದ್ದೆಲ್ಲಿಂದ? ಬೆನ್ನಿನಿಂದ ನೀರು ತೆಗೆಯುವ ಇನ್ನೊಂದು ಪರೀಕ್ಷೆ ಇದೆ, ಲಂಬಾರ್ ಪಂಕ್ಚರ್ ಎನ್ನುತ್ತಾರೆ. ಅದರಲ್ಲಿ ಸೂಜಿ ಬೆನ್ನುಮೂಳೆಗಳ ಸಂದಿಯಲ್ಲಿ ಹೋಗುತ್ತದೆ. ಕೆಲವು ಬಗೆಯ ರಕ್ತದ ಕ್ಯಾನ್ಸರ್ ಇರುವವರಿಗೆ ಎರಡೂ ಪರೀಕ್ಷೆ ಬೇಕಾಗುತ್ತದೆ, ಕೆಲವು ಸಲ ಒಂದೇ ದಿನ ಮಾಡುತ್ತಾರೆ. ಎರಡಕ್ಕೂ ಸಾಮಾನ್ಯವಾಗಿ ಮಗ್ಗುಲಾಗಿ ಮಲಗಿಸುತ್ತಾರೆ. ನೋಡಿದವರು ಎರಡನ್ನೂ ಒಂದೇ ಅಂದುಕೊಂಡರೆ ಅವರ ತಪ್ಪೇನಿಲ್ಲ.

ಮೂಳೆಯೊಳಗೆ ಕೈ ಹಾಕಬೇಕಾದದ್ದು ಯಾಕೆ

ಮೂಳೆ ಎಂದರೆ ಒಳಗೆಲ್ಲ ಕಲ್ಲಿನ ಹಾಗೆ ಗಟ್ಟಿ ಎಂದುಕೊಂಡಿರುತ್ತೇವೆ. ಹೊರಗಿನ ಚಿಪ್ಪು ಮಾತ್ರ ಹಾಗೆ. ಒಳಗೆ ಸ್ಪಂಜಿನಂಥ ಜಾಲ ಇರುತ್ತದೆ, ಅದರ ಕಂಡಿಗಳಲ್ಲಿ ಮೆತ್ತನೆಯ ಮಜ್ಜೆ ತುಂಬಿರುತ್ತದೆ. ರಕ್ತದ ಕಣಗಳು ಹುಟ್ಟುವುದು ಇಲ್ಲಿ. ಎಷ್ಟು ಅಂತೀರಾ? ಕೆಂಪು ಕಣಗಳೇ ಸೆಕೆಂಡಿಗೆ ಸುಮಾರು 20 ಲಕ್ಷ. ಒಂದು ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ 8ರಿಂದ 10 ದಿನ. ಸೋಂಕಿನ ವಿರುದ್ಧ ಮೊದಲು ಓಡಿಬರುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ರಕ್ತದಲ್ಲಿ ಇರುವುದು ಹೆಚ್ಚೆಂದರೆ ಒಂದು ದಿನದ ಲೆಕ್ಕ. ಅಂದರೆ ಮಜ್ಜೆಗೆ ರಜೆ ಎಂಬುದೇ ಇಲ್ಲ.

ಮಗುವಿನಲ್ಲಿ ಹೆಚ್ಚುಕಡಿಮೆ ಎಲ್ಲ ಮೂಳೆಗಳಲ್ಲೂ ಈ ಕೆಲಸ ನಡೆಯುತ್ತಿರುತ್ತದೆ. ವಯಸ್ಸಾಗುತ್ತಾ ಕೈಕಾಲಿನ ಉದ್ದ ಮೂಳೆಗಳ ಮಜ್ಜೆ ಬಹುಪಾಲು ಕೊಬ್ಬಾಗಿಬಿಡುತ್ತದೆ. ದೊಡ್ಡವರಲ್ಲಿ ಸೊಂಟ, ಬೆನ್ನುಮೂಳೆ, ಪಕ್ಕೆಲುಬು, ಎದೆಮೂಳೆಗಳಲ್ಲಿ ಮುಖ್ಯವಾಗಿ ಉಳಿದಿರುತ್ತದೆ. ಸೊಂಟವನ್ನೇ ಆರಿಸಿಕೊಳ್ಳುವುದಕ್ಕೆ ಕಾರಣ ಇದು. ಮಜ್ಜೆ ಧಾರಾಳವಾಗಿದೆ, ಮೂಳೆ ಅಗಲವಾಗಿದೆ, ಸೂಜಿ ಹೋಗುವ ದಾರಿಯಲ್ಲಿ ಹೃದಯವಾಗಲಿ ಶ್ವಾಸಕೋಶವಾಗಲಿ ಇಲ್ಲ.

ಇನ್ನು ರಕ್ತ ಪರೀಕ್ಷೆ ಮಾಡಿಸಿದ ಮೇಲೂ ಇದು ಯಾಕೆ ಬೇಕು? ನಲ್ಲಿಯಲ್ಲಿ ನೀರು ಬರುತ್ತಿಲ್ಲ ಅಂದುಕೊಳ್ಳಿ. ಪೈಪ್ ಎಲ್ಲೋ ಸೋರುತ್ತಿರಬಹುದು. ಮಧ್ಯದಲ್ಲಿ ಯಾರೋ ನೀರು ಎಳೆದುಕೊಳ್ಳುತ್ತಿರಬಹುದು. ಇಲ್ಲವೇ ಪಂಪೇ ಕೆಟ್ಟಿರಬಹುದು. ನಲ್ಲಿ ಎದುರು ನಿಂತು ಎಷ್ಟು ನೋಡಿದರೂ ಇದರಲ್ಲಿ ಯಾವುದು ಎಂದು ಗೊತ್ತಾಗುವುದಿಲ್ಲ. ಪ್ಲೇಟ್‌ಲೆಟ್ ಕಡಿಮೆಯಾದಾಗಲೂ ಹೀಗೇ. ಮಜ್ಜೆಯಲ್ಲಿ ಪ್ಲೇಟ್‌ಲೆಟ್ ಹುಟ್ಟಿಸುವ ದೊಡ್ಡ ಕೋಶಗಳು ಬೇಕಾದಷ್ಟು ಇದ್ದರೆ, ತಯಾರಿಕೆ ಸರಿಯಾಗಿದೆ, ರಕ್ತಕ್ಕೆ ಬಂದ ಮೇಲೆ ನಾಶವಾಗುತ್ತಿದೆ ಎಂದು ಅರ್ಥ. ಆ ಕೋಶಗಳೇ ಕಾಣದಿದ್ದರೆ ತೊಂದರೆ ಹುಟ್ಟುವಲ್ಲೇ ಇದೆ. ಎರಡಕ್ಕೂ ಚಿಕಿತ್ಸೆ ಪೂರ್ತಿ ಬೇರೆ.

ಈ ಪರೀಕ್ಷೆ ಬರೆದುಕೊಟ್ಟರು ಎಂದ ಮಾತ್ರಕ್ಕೆ ಕ್ಯಾನ್ಸರ್ ಎಂದು ತೀರ್ಮಾನಿಸಬೇಡಿ. ಲುಕೇಮಿಯಾ, ಲಿಂಫೋಮಾ, ಮೈಲೋಮಾ ಪತ್ತೆಗೆ ಇದು ಬೇಕು, ನಿಜ. ಆದರೆ ಕಾರಣ ಸಿಗದ ರಕ್ತಹೀನತೆ, ಮೂರೂ ಬಗೆಯ ಕಣಗಳು ಒಟ್ಟಿಗೆ ಇಳಿಯುವುದು, ವಾರಗಟ್ಟಲೆ ಬಿಡದ ಜ್ವರ, ಮಜ್ಜೆಯಲ್ಲಿ ಅಡಗುವ ಟಿಬಿ, ಕಾಲಾ ಆಜಾರ್‌ನಂಥ ಸೋಂಕು, ಇವಕ್ಕೂ ಮಾಡುತ್ತಾರೆ. ಹಾಗೆಯೇ ಪ್ರತಿಯೊಂದು ರಕ್ತಹೀನತೆಗೂ ಇದು ಬೇಕಿಲ್ಲ. ಕಬ್ಬಿಣ, ಬಿ12 ಕೊರತೆಯನ್ನೆಲ್ಲ ಸಾಮಾನ್ಯ ರಕ್ತ ಪರೀಕ್ಷೆಯಲ್ಲೇ ಹಿಡಿಯಬಹುದು. "ಇದರಿಂದ ಯಾವ ಪ್ರಶ್ನೆಗೆ ಉತ್ತರ ಹುಡುಕ್ತಾ ಇದ್ದೀರಿ?" ಎಂದು ಡಾಕ್ಟರನ್ನು ಕೇಳಿ. ಒಂದೇ ವಾಕ್ಯದಲ್ಲಿ ಉತ್ತರ ಸಿಕ್ಕರೆ ಅರ್ಧ ಆತಂಕ ಅಲ್ಲೇ ಇಳಿಯುತ್ತದೆ.

ಒಂದು ಪರೀಕ್ಷೆ, ಎರಡು ಮಾದರಿ

ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಹೆಸರು ಇರುತ್ತದೆ: ಆಸ್ಪಿರೇಶನ್ ಮತ್ತು ಬಯಾಪ್ಸಿ. ಜನ ಎರಡನ್ನೂ ಸೇರಿಸಿ ಬೋನ್ ಮ್ಯಾರೋ ಟೆಸ್ಟ್ ಅಂತಾರೆ. ಆಸ್ಪಿರೇಶನ್ ಎಂದರೆ ಸಿರಿಂಜಿನಿಂದ ಮಜ್ಜೆಯ ದ್ರವವನ್ನು ಎಳೆದು ತೆಗೆಯುವುದು. ಕೆಲವೇ ಮಿಲಿಲೀಟರ್. ಬಯಾಪ್ಸಿ ಎಂದರೆ ಮಜ್ಜೆ ತುಂಬಿದ ಮೂಳೆಯ ಸಣ್ಣ ತುಂಡನ್ನೇ ತೆಗೆಯುವುದು. ಮೂಟೆ ಬಿಚ್ಚದೆ ಒಳಗಿನ ಕಾಳು ನೋಡಲು ಟೊಳ್ಳು ಕೊಳವೆ ಚುಚ್ಚಿ ಎಳೆಯುತ್ತಾರಲ್ಲ, ಥೇಟ್ ಹಾಗೆ. ಸಿಗುವ ತುಂಡು ಬೆಂಕಿಕಡ್ಡಿಯಷ್ಟು ದಪ್ಪ, ಹೆಚ್ಚುಕಡಿಮೆ 2 ಸೆಂಟಿಮೀಟರ್ ಉದ್ದ.

ಎರಡೂ ಯಾಕೆ ಬೇಕು? ದ್ರವದಲ್ಲಿ ಒಂದೊಂದು ಕೋಶದ ಮುಖ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಅದು ಎಲ್ಲಿ ಇತ್ತು, ಅಕ್ಕಪಕ್ಕ ಯಾರಿದ್ದರು ಎಂಬುದು ತಿಳಿಯುವುದಿಲ್ಲ. ತುಂಡಿನಲ್ಲಿ ಇಡೀ ಕೇರಿಯೇ ಕಾಣುತ್ತದೆ. ಕೋಶಗಳು ದಟ್ಟವಾಗಿವೆಯೇ, ವಿರಳವಾಗಿವೆಯೇ, ನಾರು ಬೆಳೆದಿದೆಯೇ, ಬೇರೆ ಕಡೆಯಿಂದ ಬಂದ ಕೋಶಗಳು ಒಂದು ಮೂಲೆಯಲ್ಲಿ ಗುಂಪು ಕಟ್ಟಿಕೊಂಡಿವೆಯೇ, ಎಲ್ಲ ಗೊತ್ತಾಗುತ್ತದೆ.

ಸೂಜಿಯಿಂದ ಮಜ್ಜೆ ಎಳೆಯುವ ವಿಧಾನ ರೂಢಿಗೆ ಬಂದದ್ದು 1920ರ ದಶಕದ ಕೊನೆಯಲ್ಲಿ, ಆಗಿನ ಸೋವಿಯತ್ ಒಕ್ಕೂಟದ ವೈದ್ಯ ಮಿಖಾಯಿಲ್ ಅರಿಂಕಿನ್ ಎದೆಮೂಳೆಗೆ ಸೂಜಿ ಹಾಕಿ ತೋರಿಸಿದ ಮೇಲೆ. ತುಂಡು ತೆಗೆಯುವುದು ಮಾತ್ರ ಬಹಳ ಕಾಲ ಕಿರಿಕಿರಿಯ ಕೆಲಸವಾಗಿತ್ತು, ತುಂಡು ಜಜ್ಜಿಹೋಗುತ್ತಿತ್ತು. 1971ರಲ್ಲಿ ಇರಾನ್ ಮೂಲದ ವೈದ್ಯ ಖುಸ್ರೋ ಜಮ್ಷೀದಿ ತುದಿಯಲ್ಲಿ ಕಿರಿದಾಗುವ ಸೂಜಿಯನ್ನು ವಿವರಿಸಿದರು. ಒಳಗೆ ಬಂದ ತುಂಡಿಗೆ ಕೊಳವೆಯ ಗೋಡೆ ಒತ್ತುವುದಿಲ್ಲ, ಹಾಗಾಗಿ ಅದು ಹಾಳಾಗದೆ ಹೊರಬರುತ್ತದೆ. ಇವತ್ತಿಗೂ ವಾರ್ಡಿನಲ್ಲಿ "ಜಮ್ಷೀದಿ ತನ್ನಿ" ಅಂದರೆ ಆ ಸೂಜಿ. ಈಗ ಕೆಲವು ಕಡೆ ಬ್ಯಾಟರಿಯಲ್ಲಿ ತಿರುಗುವ ಸಣ್ಣ ಡ್ರಿಲ್ಲನ್ನೂ ಬಳಸುತ್ತಾರೆ. ಅದನ್ನು ನೋಡಿ ಗಾಬರಿಯಾಗಬೇಡಿ. ಕೈಯಿಂದ ತಿರುಗಿಸುವ ಕೆಲಸವನ್ನೇ ಅದು ಬೇಗ ಮುಗಿಸುತ್ತದೆ.

ಹೋಗುವ ಮುಂಚೆ

ಬಾಯಿಬಿಟ್ಟು ಹೇಳಲೇಬೇಕಾದದ್ದು ರಕ್ತ ತೆಳು ಮಾಡುವ ಮಾತ್ರೆಗಳ ಬಗ್ಗೆ. ವಾರ್ಫರಿನ್, ಕ್ಲೋಪಿಡೋಗ್ರೆಲ್, ಅಪಿಕ್ಸಬಾನ್, ರಿವರೋಕ್ಸಬಾನ್, ದಿನಾ ತೆಗೆದುಕೊಳ್ಳುವ ಆಸ್ಪಿರಿನ್, ಯಾವುದೇ ಇರಲಿ. ಹೇಳಿ, ಆದರೆ ನೀವೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಸುಮ್ನೆ ಎರಡು ದಿನ ಮಾತ್ರೆ ಬಿಟ್ಟರೆ, ಆ ಅಪಾಯ ಬಯಾಪ್ಸಿಯ ಅಪಾಯಕ್ಕಿಂತ ದೊಡ್ಡದಾಗಬಹುದು. ಯಾವುದನ್ನು, ಎಷ್ಟು ದಿನ ಎಂದು ಡಾಕ್ಟರೇ ಹೇಳಲಿ. ಹಿಂದೆ ಹಲ್ಲಿನ ಚಿಕಿತ್ಸೆಯಲ್ಲಿ ಮರಗಟ್ಟಿಸುವ ಇಂಜೆಕ್ಷನ್‌ನಿಂದ ಅಲರ್ಜಿ ಆಗಿದ್ದರೆ, ಗರ್ಭಿಣಿಯಾಗಿದ್ದರೆ, ಗಾಯವಾದಾಗ ರಕ್ತ ಬೇಗ ನಿಲ್ಲದ ಕಾಯಿಲೆ ಮನೆತನದಲ್ಲಿದ್ದರೆ ಅದನ್ನೂ ಹೇಳಿ.

"ಪ್ಲೇಟ್‌ಲೆಟ್ ಇಷ್ಟು ಕಡಿಮೆ ಇದೆ, ಈಗ ಚುಚ್ಚಿದರೆ ರಕ್ತ ನಿಲ್ಲುತ್ತಾ?" ಇದು ಚಿಕ್ಕಪ್ಪನ ಪ್ರಶ್ನೆಯಾಗಿತ್ತು. ಪ್ಲೇಟ್‌ಲೆಟ್ ಕಡಿಮೆ ಇರುವುದೊಂದೇ ಕಾರಣಕ್ಕೆ ಈ ಪರೀಕ್ಷೆಯನ್ನು ಸಾಮಾನ್ಯವಾಗಿ ಮುಂದೂಡುವುದಿಲ್ಲ. ಚುಚ್ಚುವ ಜಾಗ ಚರ್ಮಕ್ಕೆ ಹತ್ತಿರದಲ್ಲೇ ಇದೆ, ಕೆಳಗೆ ಗಟ್ಟಿ ಮೂಳೆ ಇದೆ, ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ಒತ್ತಿ ಹಿಡಿಯುವ ಸಮಯ ಜಾಸ್ತಿ ಮಾಡುತ್ತಾರೆ, ಅಷ್ಟೇ.

ಬರೀ ಜಾಗ ಮರಗಟ್ಟಿಸಿ ಮಾಡುವುದಾದರೆ ಉಪವಾಸ ಬೇಕಿಲ್ಲ, ತಿಂಡಿ ತಿಂದೇ ಹೋಗಿ. ಮಂಪರು ಬರಿಸುವ ಔಷಧಿ ಕೊಡುವುದಾದರೆ ಎಷ್ಟು ಗಂಟೆ ಖಾಲಿ ಹೊಟ್ಟೆ ಎಂದು ಮೊದಲೇ ಹೇಳುತ್ತಾರೆ. ಘನ ಆಹಾರಕ್ಕೆ 6 ಗಂಟೆ ಎಂಬುದು ಸಾಮಾನ್ಯ ಲೆಕ್ಕ. ಆ ದಿನ ಗಾಡಿ ಓಡಿಸುವಂತಿಲ್ಲ, ಜೊತೆಗೆ ಒಬ್ಬರು ಬೇಕೇ ಬೇಕು. ಮಕ್ಕಳಿಗೆ ಸಾಮಾನ್ಯವಾಗಿ ಪೂರ್ತಿ ನಿದ್ದೆ ಬರಿಸಿಯೇ ಮಾಡುತ್ತಾರೆ. ಸಡಿಲವಾದ, ಸೊಂಟದ ಹತ್ತಿರ ಬಿಗಿಯದ ಬಟ್ಟೆ ಹಾಕಿಕೊಂಡು ಹೋದರೆ ಆಮೇಲೆ ಬ್ಯಾಂಡೇಜಿನ ಮೇಲೆ ಏನೂ ಉಜ್ಜುವುದಿಲ್ಲ.

ಮಂಪರು ಔಷಧಿ ಬೇಕಾ ಬೇಡವಾ ಎಂದು ನಾನು ಹೇಳಲಾರೆ. ಮಿಡಜೋಲಾಮ್‌ನಂಥದ್ದನ್ನು ಕೊಟ್ಟರೆ ಮನಸ್ಸು ಹಗುರಾಗುತ್ತದೆ, ಎಷ್ಟೋ ಜನರಿಗೆ ನಡೆದದ್ದು ಆಮೇಲೆ ನೆನಪೂ ಇರುವುದಿಲ್ಲ. ಅದಿಲ್ಲದೆ ಮಾಡಿಸಿಕೊಂಡು ಅರ್ಧ ಗಂಟೆಗೆ ಎದ್ದು ಮನೆಗೆ ಹೋದವರೂ ಬೇಕಾದಷ್ಟಿದ್ದಾರೆ. ಕೆಲವು ಆಸ್ಪತ್ರೆಗಳಲ್ಲಿ ಮೂಗು-ಬಾಯಿಗೆ ಮಾಸ್ಕ್ ಇಟ್ಟು ಉಸಿರಾಡುವ ನೈಟ್ರಸ್ ಆಕ್ಸೈಡ್ ಗ್ಯಾಸ್ ಕೂಡ ಇರುತ್ತದೆ. ಆದರೆ ಟೇಬಲ್ ಮೇಲೆ ಮಲಗಿದ ಮೇಲೆ ಕೇಳಿದರೆ ತಡವಾಗಿರುತ್ತದೆ. ತಾರೀಕು ಗೊತ್ತುಮಾಡುವಾಗಲೇ ಕೇಳಿ.

ಆ ಇಪ್ಪತ್ತು ನಿಮಿಷ

ಒಪ್ಪಿಗೆ ಪತ್ರಕ್ಕೆ ಸಹಿ ಆದ ಮೇಲೆ ಮಗ್ಗುಲಾಗಿ ಮಲಗಿಸಿ, ಮಂಡಿ ಎದೆಯ ಕಡೆ ಮಡಚಿಕೊಳ್ಳಲು ಹೇಳುತ್ತಾರೆ. ಕೆಲವರು ಬೋರಲಾಗಿ ಮಲಗಿಸುತ್ತಾರೆ. ಡಾಕ್ಟರು ಬೆರಳಿನಿಂದ ಆ ಉಬ್ಬನ್ನು ಹುಡುಕುತ್ತಾರೆ, ಪೆನ್ನಿನಲ್ಲಿ ಗುರುತು ಹಾಕುವುದೂ ಉಂಟು. ಆಮೇಲೆ ಸೋಂಕು ತಡೆಯುವ ದ್ರಾವಣದಲ್ಲಿ ಒರೆಸುತ್ತಾರೆ. ತಣ್ಣಗೆ ಇರುತ್ತದೆ. ಸುತ್ತ ಬಟ್ಟೆ ಹೊದಿಸಿ ನಡುವೆ ಒಂದು ಕಿಟಕಿ ಮಾತ್ರ ಬಿಡುತ್ತಾರೆ. ಇಲ್ಲಿಂದ ಮುಂದೆ ಎಲ್ಲವೂ ನಿಮ್ಮ ಬೆನ್ನ ಹಿಂದೆ ನಡೆಯುತ್ತದೆ. ಕಾಣದಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ, ಆದರೆ ಕಾಣದಿದ್ದರೆ ಕಿವಿ ಜಾಸ್ತಿ ಚುರುಕಾಗುತ್ತದೆ. ಟ್ರೇ ಸದ್ದು, ಗಾಜಿನ ಸ್ಲೈಡುಗಳ ಟಿಕ್ ಟಿಕ್, ಪ್ಯಾಕೆಟ್ ಹರಿಯುವ ಸದ್ದು. ಹಾಗಾಗಿ "ಏನು ಮಾಡ್ತಾ ಇದ್ದೀರಿ ಅಂತ ಹೇಳ್ತಾ ಹೋಗಿ" ಎಂದು ಡಾಕ್ಟರನ್ನು ಕೇಳಿಕೊಳ್ಳಬಹುದು. ತಲೆಯ ಕಡೆ ನಿಂತ ನರ್ಸ್ ಹೇಳಿದರೂ ಸಾಕು.

ನೋವಿಗೆ ಮೂರು ಘಟ್ಟಗಳಿವೆ. ಇದನ್ನು ನೆನಪಿಟ್ಟುಕೊಳ್ಳಿ.

ಮೊದಲನೆಯದು ಮರಗಟ್ಟಿಸುವ ಇಂಜೆಕ್ಷನ್. ಲಿಗ್ನೋಕೇನ್ ಒಳಗೆ ಹೋಗುವಾಗ ಚುರುಚುರು ಉರಿಯುತ್ತದೆ, ಮೆಣಸಿನಕಾಯಿ ಮುಟ್ಟಿದ ಕೈಯನ್ನು ಗಾಯಕ್ಕೆ ತಾಗಿಸಿದ ಹಾಗೆ. ಮೊದಲು ಚರ್ಮಕ್ಕೆ, ಆಮೇಲೆ ಆಳಕ್ಕೆ, ಮೂಳೆಯ ಹೊರಪೊರೆಯ ತನಕ. ಆ ಪೊರೆಯಲ್ಲಿ ನರಗಳು ತುಂಬಾ ಇರುವುದರಿಂದ ಅಲ್ಲಿಗೆ ಔಷಧಿ ಧಾರಾಳವಾಗಿ ಬಿಡುತ್ತಾರೆ. ಉರಿ ಕೆಲವು ಸೆಕೆಂಡುಗಳಲ್ಲಿ ಇಳಿಯುತ್ತದೆ. ಆಮೇಲೆ ಎರಡು-ಮೂರು ನಿಮಿಷ ಕಾಯಬೇಕು. ಈ ಕಾಯುವಿಕೆಗೆ ಬೆಲೆಯಿದೆ. ಔಷಧಿ ಹಿಡಿಯಲು ಸಮಯ ಬೇಕು. ಸೂಜಿಯ ತುದಿಯಿಂದ ಮುಟ್ಟಿ "ಚೂಪಾಗಿ ಗೊತ್ತಾಗುತ್ತಾ?" ಎಂದು ಕೇಳುತ್ತಾರೆ. ಗೊತ್ತಾದರೆ ಗೊತ್ತಾಗುತ್ತದೆ ಎಂದೇ ಹೇಳಿ. ಇನ್ನಷ್ಟು ಹಾಕುತ್ತಾರೆ. ಇಲ್ಲಿ ದಾಕ್ಷಿಣ್ಯ ಬೇಡ.

ಆಮೇಲೆ ಬ್ಲೇಡಿನಿಂದ ಕೆಲವೇ ಮಿಲಿಮೀಟರಿನ ಗೀರು, ಅದರೊಳಗಿಂದ ಸೂಜಿ. ಈಗ ಚುಚ್ಚಿದ ನೋವಿಗಿಂತ ಒತ್ತಡ ಜಾಸ್ತಿ ಗೊತ್ತಾಗುತ್ತದೆ. ಡಾಕ್ಟರು ಸೂಜಿಯನ್ನು ಅತ್ತಿತ್ತ ತಿರುಗಿಸುತ್ತಾ ಮೈಭಾರ ಹಾಕಿ ಒತ್ತುತ್ತಾರೆ. ವಯಸ್ಸಿನ ಹುಡುಗರ ಮೂಳೆ ಗಟ್ಟಿ, ಒತ್ತಬೇಕಾದದ್ದೂ ಜಾಸ್ತಿ. ಮೈ ಪೂರ್ತಿ ಮುಂದಕ್ಕೆ ದೂಡಿದ ಹಾಗಾಗುತ್ತದೆ. ಮೂಳೆ ಕರಕರ ಅಂದದ್ದು ಕೇಳಿಸಿತು ಎನ್ನುವವರೂ ಇದ್ದಾರೆ. ಗಟ್ಟಿ ಚಿಪ್ಪು ದಾಟಿದಾಗ ಒತ್ತಡ ಸಡಿಲವಾದದ್ದು ಡಾಕ್ಟರ ಕೈಗೆ ಗೊತ್ತಾಗುತ್ತದೆ, ಕೆಲವು ಸಲ ಮಲಗಿದವರಿಗೂ.

ಎರಡನೆಯ ಘಟ್ಟವೇ ಜನ ಹೆದರುವ ಘಟ್ಟ. ಸೂಜಿಯ ಒಳಗಿನ ಕಡ್ಡಿ ತೆಗೆದು ಸಿರಿಂಜ್ ಸಿಕ್ಕಿಸುತ್ತಾರೆ, ಪಟ್ಟನೆ ಎಳೆಯುತ್ತಾರೆ. ಆ ಕ್ಷಣ ಸೊಂಟದ ಒಳಗಿಂದ ಒಂದು ವಿಚಿತ್ರ ಸೆಳೆತ ಎದ್ದು ತೊಡೆಯ ಕಡೆ ಇಳಿಯುತ್ತದೆ. ಕಾಲಿನ ಒಳಗಿಂದ ಏನನ್ನೋ ಹೀರಿದ ಹಾಗೆ. ಇದಕ್ಕೆ ಮರಗಟ್ಟಿಸುವ ಔಷಧಿ ನಾಟುವುದಿಲ್ಲ. ಔಷಧಿ ತಲುಪುವುದು ಮೂಳೆಯ ಹೊರಪೊರೆಯ ತನಕ ಮಾತ್ರ, ಈ ಸೆಳೆತ ಹುಟ್ಟುವುದು ಮೂಳೆಯ ಒಳಗೆ, ಒತ್ತಡ ಹಠಾತ್ತನೆ ಕುಸಿದಾಗ. ಹಾಗಾಗಿ ಇದು ಬಂತು ಎಂದರೆ ಔಷಧಿ ಕೆಲಸ ಮಾಡಿಲ್ಲ ಎಂದಲ್ಲ, ಡಾಕ್ಟರ ಕೈ ತಪ್ಪಿತು ಎಂದೂ ಅಲ್ಲ. ನಮ್ಮ ಚಿಕ್ಕಪ್ಪ ಮೊದಲ ಸಲ ಕಿರುಚಿದ್ದು ಇಲ್ಲೇ. "ಮರಗಟ್ಟಿಸಿದ್ದೇವೆ ಅಂದಿದ್ರು, ಸುಳ್ಳು ಹೇಳಿದ್ರು ಅಂದ್ಕೊಂಡೆ" ಎಂದು ಆಮೇಲೆ ನಗುತ್ತಾ ಹೇಳಿದರು.

ಎಷ್ಟು ಹೊತ್ತು? ಕೆಲವೇ ಸೆಕೆಂಡು. ಎಳೆಯುವುದು ನಿಂತ ತಕ್ಷಣ ಸೆಳೆತವೂ ನಿಲ್ಲುತ್ತದೆ. ಬೇರೆ ಬೇರೆ ಪರೀಕ್ಷೆಗೆ ಬೇರೆ ಬೇರೆ ಟ್ಯೂಬ್ ತುಂಬಬೇಕಿರುವುದರಿಂದ ಎರಡು-ಮೂರು ಸಲ ಎಳೆಯಬೇಕಾಗಬಹುದು. ಎರಡನೇ ಸಲ ಚಿಕ್ಕಪ್ಪನ ಪಕ್ಕದಲ್ಲಿ ನಿಂತಿದ್ದ ನರ್ಸ್ "ಸಾರ್, ಈಗ ಎಳೀತಾರೆ, ಬಾಯಿಂದ ನಿಧಾನಕ್ಕೆ ಉಸಿರು ಬಿಡಿ, ನಾನು ಎಣಿಸ್ತೀನಿ" ಅಂದರು. ಒಂದು, ಎರಡು, ಮೂರು, ನಾಲ್ಕು, ಐದು. ಐದಕ್ಕೆ ಮುಗಿದಿತ್ತು. ಅವರ ಹಲ್ಲು ಕಚ್ಚಿತ್ತು, ಆದರೆ ಸದ್ದಿಲ್ಲ. ಮುಗಿಯುವ ಹೊತ್ತು ಗೊತ್ತಿರುವ ನೋವು ಬೇರೆಯೇ, ಅಲ್ವಾ?

ಎಳೆದದ್ದನ್ನು ಟೆಕ್ನೀಶಿಯನ್ ತಕ್ಷಣ ಸ್ಲೈಡಿನ ಮೇಲೆ ಹಾಕಿ ಓರೆಯಾಗಿ ಹಿಡಿದು ನೋಡುತ್ತಾರೆ. ರಕ್ತ ಕೆಳಗೆ ಹರಿದುಹೋದ ಮೇಲೆ ರವೆಯಂಥ ಸಣ್ಣ ಹರಳುಗಳು ಅಂಟಿಕೊಂಡು ಮಿನುಗುತ್ತವೆ. ಅವೇ ಮಜ್ಜೆಯ ಕಣಗಳು. ಅವು ಕಂಡರೆ ಮಾದರಿ ಸರಿಯಾಗಿದೆ ಎಂದು ಅರ್ಥ. "ಪಾರ್ಟಿಕಲ್ಸ್ ಇದೆ" ಎಂಬ ಮಾತು ನಿಮ್ಮ ಕಿವಿಗೆ ಬಿದ್ದರೆ ಅದು ಒಳ್ಳೆಯ ಸುದ್ದಿ. ಕೆಲವು ಸಲ ಎಷ್ಟು ಎಳೆದರೂ ಏನೂ ಬರುವುದಿಲ್ಲ. ಡ್ರೈ ಟ್ಯಾಪ್ ಎನ್ನುತ್ತಾರೆ. ಮಜ್ಜೆಯಲ್ಲಿ ನಾರು ಬೆಳೆದಿದ್ದರೆ ಅಥವಾ ಕೋಶಗಳು ಒತ್ತೊತ್ತಾಗಿ ಕಿಕ್ಕಿರಿದಿದ್ದರೆ ಹೀಗಾಗುತ್ತದೆ. ಅದೂ ಒಂದು ಸುಳಿವೇ. ಆಗ ಮೂಳೆಯ ತುಂಡೇ ಆಧಾರ.

ಮೂರನೆಯ ಘಟ್ಟ ಆ ತುಂಡು. ಅದೇ ಗೀರಿನಿಂದ, ಸ್ವಲ್ಪ ಪಕ್ಕಕ್ಕೆ ಸೂಜಿಯನ್ನು ಮತ್ತೆ ಇಳಿಸುತ್ತಾರೆ. ಮತ್ತೆ ಒತ್ತಡ, ಮತ್ತೆ ತಿರುಗಿಸುವುದು. ತುಂಡನ್ನು ಬುಡದಿಂದ ಬಿಡಿಸಲು ಸೂಜಿಯನ್ನು ಸುತ್ತಲೂ ಅಲುಗಾಡಿಸುವಾಗ ಮಂಕಾದ ನೋವು ಗೊತ್ತಾಗುತ್ತದೆ. ಮೊದಲಿನ ಸೆಳೆತದಷ್ಟು ಚೂಪಲ್ಲ, ಆದರೆ ಸ್ವಲ್ಪ ಹೆಚ್ಚು ಹೊತ್ತು. ಹೊರಗೆ ಬಂದ ತುಂಡನ್ನು ಮೊದಲು ಸ್ಲೈಡಿನ ಮೇಲೆ ಮೆಲ್ಲಗೆ ಒತ್ತಿ ಅಚ್ಚು ತೆಗೆದುಕೊಂಡು, ಆಮೇಲೆ ಫಾರ್ಮಲಿನ್ ಬಾಟಲಿಗೆ ಹಾಕುತ್ತಾರೆ. ಕೆಲವು ಸಲ ತುಂಡು ಚಿಕ್ಕದಾಯಿತೆಂದು ಇನ್ನೊಮ್ಮೆ ಇಳಿಸಬೇಕಾಗುತ್ತದೆ. ಬೇಸರವಾಗುತ್ತದೆ, ನಿಜ. ಆದರೆ ಚಿಕ್ಕ ತುಂಡು ಕಳಿಸಿ, ವಾರ ಬಿಟ್ಟು "ಮಾದರಿ ಸಾಲದು, ಮತ್ತೆ ಬನ್ನಿ" ಅನ್ನಿಸಿಕೊಳ್ಳುವುದಕ್ಕಿಂತ ಅದು ವಾಸಿ.

ಎಲ್ಲ ಸೇರಿ ಇಪ್ಪತ್ತರಿಂದ ಮೂವತ್ತು ನಿಮಿಷ. ಅದರಲ್ಲಿ ಸೂಜಿ ಒಳಗಿರುವುದು ಅರ್ಧಕ್ಕಿಂತ ಕಡಿಮೆ ಹೊತ್ತು.

ಮನೆಗೆ ಬಂದ ಮೇಲೆ

ಒತ್ತಿ ಹಿಡಿದು, ಬ್ಯಾಂಡೇಜ್ ಹಾಕಿ, ಅಂಗಾತ ಮಲಗಿಸುತ್ತಾರೆ. ನಿಮ್ಮ ಮೈಭಾರವೇ ಆ ಜಾಗವನ್ನು ಒತ್ತಿ ಹಿಡಿಯುತ್ತದೆ. ಸಾಮಾನ್ಯವಾಗಿ ಹೊಲಿಗೆ ಬೇಕಿಲ್ಲ. 24 ಗಂಟೆ ಬ್ಯಾಂಡೇಜ್ ನೆನೆಸಬೇಡಿ. ಮರಗಟ್ಟಿದ್ದು ಇಳಿಯುತ್ತಾ ಮಂದ ನೋವು ಶುರುವಾಗುತ್ತದೆ, ಬಿದ್ದು ಪೆಟ್ಟಾದ ಹಾಗೆ. ಕೂತು ಏಳುವಾಗ, ಮೆಟ್ಟಿಲು ಹತ್ತುವಾಗ ಜಾಸ್ತಿ. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಹೋಗುತ್ತದೆ. ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಐಬುಪ್ರೊಫೆನ್, ಆಸ್ಪಿರಿನ್ ಜಾತಿಯ ನೋವಿನ ಮಾತ್ರೆಯನ್ನು ಡಾಕ್ಟರು ಹೇಳದೆ ತೆಗೆದುಕೊಳ್ಳಬೇಡಿ, ಅವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಕೀಮೋ ನಡೆಯುತ್ತಿರುವವರು ಪ್ಯಾರಾಸಿಟಮಾಲ್ ನುಂಗುವ ಮುಂಚೆ ಒಮ್ಮೆ ಜ್ವರ ನೋಡಿಕೊಳ್ಳಿ. ಮಾತ್ರೆ ಜ್ವರವನ್ನು ಮುಚ್ಚಿಬಿಟ್ಟರೆ ಸೋಂಕು ಗೊತ್ತಾಗುವುದು ತಡವಾಗುತ್ತದೆ. ಒಂದೆರಡು ದಿನ ಭಾರ ಎತ್ತಬೇಡಿ.

ದೊಡ್ಡ ತೊಂದರೆ ಆಗುವುದು ಅಪರೂಪ, ಸಾವಿರಕ್ಕೆ ಒಬ್ಬರಿಗಿಂತಲೂ ಕಡಿಮೆ. ಆದರೂ ಬ್ಯಾಂಡೇಜ್ ರಕ್ತದಲ್ಲಿ ತೊಯ್ದು ಒತ್ತಿ ಹಿಡಿದರೂ ನಿಲ್ಲದಿದ್ದರೆ, ಜ್ವರ ಬಂದರೆ, ಆ ಜಾಗ ಕೆಂಪಾಗಿ ಊದಿಕೊಂಡು ಕೀವು ಸೋರಿದರೆ, ನೋವು ದಿನದಿಂದ ದಿನಕ್ಕೆ ಏರುತ್ತಿದ್ದರೆ, ಕಾಲಿಗೆ ಜೋಮು ಹಿಡಿದರೆ ಅಥವಾ ಶಕ್ತಿ ಇಲ್ಲದಂತಾದರೆ ಬೆಳಗಾಗಲಿ ಎಂದು ಕಾಯಬೇಡಿ, ಆಸ್ಪತ್ರೆಗೆ ಫೋನ್ ಮಾಡಿ.

ಮಜ್ಜೆ ತೆಗೆದದ್ದರಿಂದ ನಿಶ್ಶಕ್ತಿ ಬರುತ್ತದೆಯೇ ಎಂದು ತುಂಬಾ ಜನ ಕೇಳುತ್ತಾರೆ. ಇಲ್ಲ. ತೆಗೆದದ್ದು ಕೆಲವು ಚಮಚ ಕೂಡ ಅಲ್ಲ, ಹೋದದ್ದನ್ನು ಮಜ್ಜೆ ತಾನೇ ತುಂಬಿಕೊಳ್ಳುತ್ತದೆ. ಬೇರೆಯವರಿಗೆ ಮಜ್ಜೆ ದಾನ ಮಾಡುವವರಿಂದ ಒಂದು ಲೀಟರಿನ ಹತ್ತಿರ ತೆಗೆಯುತ್ತಾರೆ. ಅದೂ ವಾರಗಳಲ್ಲಿ ಮತ್ತೆ ತುಂಬುತ್ತದೆ.

ರಿಪೋರ್ಟ್ ಯಾಕೆ ತಡ

ನನ್ನ ಮಟ್ಟಿಗೆ ಈ ಪರೀಕ್ಷೆಯ ನಿಜವಾದ ಕಷ್ಟ ಸೂಜಿಯಲ್ಲ, ಕಾಯುವುದು. ಒಂದು ರಿಪೋರ್ಟ್ ಬಂದಿರುತ್ತದೆ, ಇನ್ನೊಂದು ಬಂದಿರುವುದಿಲ್ಲ. ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಬರುತ್ತದೆ. ಕಾರಣ ಬೇರೆ ಇದೆ.

ಸ್ಲೈಡಿನ ಮೇಲೆ ಸವರಿದ ದ್ರವಕ್ಕೆ ಬಣ್ಣ ಹಾಕಿ ಅದೇ ದಿನವೋ ಮರುದಿನವೋ ನೋಡಬಹುದು. ಪೆಥಾಲಜಿಸ್ಟ್ ಸಾಮಾನ್ಯವಾಗಿ 500 ಕೋಶಗಳನ್ನು ಒಂದೊಂದಾಗಿ ಎಣಿಸಿ ಯಾವ ಜಾತಿಯದು ಎಷ್ಟು ಎಂದು ಬರೆಯುತ್ತಾರೆ. ಕೋಶಗಳ ಮೈಮೇಲಿನ ಗುರುತುಗಳನ್ನು ಲೇಸರಿನಲ್ಲಿ ಓದುವ ಫ್ಲೋ ಸೈಟೋಮೆಟ್ರಿ ಕೂಡ ಕೆಲವೇ ದಿನದಲ್ಲಿ ಬರುತ್ತದೆ. ಆದರೆ ಮೂಳೆಯ ತುಂಡು ಹಾಗಲ್ಲ. ಅದನ್ನು ಮಿಲಿಮೀಟರಿನ ಸಾವಿರ ಭಾಗದಲ್ಲಿ ಮೂರ್ನಾಲ್ಕು ಭಾಗದಷ್ಟು ತೆಳ್ಳಗೆ ಹೆಚ್ಚಬೇಕು. ಮೂಳೆಯನ್ನು ಹಾಗೆ ಹೆಚ್ಚಲು ಆಗುವುದಿಲ್ಲ, ಅದರ ಸುಣ್ಣದಂಶ ಕರಗಿಸಿ ಮೆತ್ತಗೆ ಮಾಡಬೇಕು. ಅದಕ್ಕೇ ಸಮಯ ಹಿಡಿಯುತ್ತದೆ, ಹಾಗಾಗಿ ಹೆಚ್ಚುಕಡಿಮೆ ಒಂದು ವಾರ. ಕ್ರೋಮೋಸೋಮ್ ಪರೀಕ್ಷೆಗೆ ಜೀವಂತ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ, ಅವು ಒಡೆದು ಎರಡಾಗುವ ಕ್ಷಣದಲ್ಲಿ ಹಿಡಿಯಬೇಕು. ಅದಕ್ಕೆ ಒಂದರಿಂದ ಮೂರು ವಾರ. ಜೀನ್ ಪರೀಕ್ಷೆ ಇನ್ನೂ ತಡವಾಗಬಹುದು. ಮೊದಲ ರಿಪೋರ್ಟ್ ಬಂದ ದಿನವೇ "ಇನ್ನು ಯಾವುದು ಬಾಕಿ, ಅದರಿಂದ ಚಿಕಿತ್ಸೆ ಬದಲಾಗುತ್ತದೆಯೇ" ಎಂದು ಕೇಳಿ ಬರೆದಿಟ್ಟುಕೊಳ್ಳಿ.

ರಿಪೋರ್ಟ್ ಕೈಗೆ ಬಂದಾಗ ಕಣ್ಣಿಗೆ ಬೀಳುವ ಪದಗಳಲ್ಲಿ ಒಂದು ಸೆಲ್ಯುಲಾರಿಟಿ. ಮಜ್ಜೆಯಲ್ಲಿ ಕೋಶ ಎಷ್ಟು, ಕೊಬ್ಬು ಎಷ್ಟು ಎಂಬ ಲೆಕ್ಕ. 100ರಿಂದ ವಯಸ್ಸನ್ನು ಕಳೆದರೆ ಅಂದಾಜು ಸಿಗುತ್ತದೆ. 60 ವರ್ಷದವರಿಗೆ ಸುಮಾರು 40% ಇದ್ದರೆ ಅದು ಸಹಜ. 20ರ ಹುಡುಗನಲ್ಲಿ ಅದೇ 40% ಕಡಿಮೆ ಎನಿಸುತ್ತದೆ. ಇನ್ನೊಂದು ಬ್ಲಾಸ್ಟ್. ಇನ್ನೂ ಬಲಿಯದ ಎಳೆಯ ಕೋಶಗಳಿವು. 5%ಕ್ಕಿಂತ ಕಡಿಮೆ ಇರುವುದು ಸಹಜ. 20% ಮುಟ್ಟಿದರೆ ಸಾಮಾನ್ಯವಾಗಿ ಅಕ್ಯೂಟ್ ಲುಕೇಮಿಯಾ (ಬೇಗ ಬೆಳೆಯುವ ರಕ್ತದ ಕ್ಯಾನ್ಸರ್) ಎನ್ನುತ್ತಾರೆ, ಕೆಲವು ಜೀನ್ ಬದಲಾವಣೆಗಳಿದ್ದರೆ ಅದಕ್ಕಿಂತ ಕಡಿಮೆ ಇದ್ದರೂ ಸಾಕು. ರೆಟಿಕ್ಯುಲಿನ್ ಅಂದರೆ ನಾರಿನ ಪ್ರಮಾಣ, ಅದನ್ನು 0ಯಿಂದ 3ರವರೆಗೆ ಅಳೆಯುತ್ತಾರೆ. "ಹೀಮೋಡೈಲ್ಯೂಟ್" ಎಂದು ಬರೆದಿದ್ದರೆ ಮಾದರಿಗೆ ರಕ್ತ ಬೆರೆತಿದೆ ಎಂದರ್ಥ, ಕಾಯಿಲೆಯ ಹೆಸರಲ್ಲ. ಇದನ್ನೇ ಹುಡುಕಿಕೊಂಡು ರಾತ್ರಿಯೆಲ್ಲ ನೆಟ್ ಜಾಲಾಡಿದವನು ನಾನು! ಈ ಅಂಕಿಗಳಲ್ಲಿ ಯಾವುದನ್ನೂ ಒಂಟಿಯಾಗಿ ಓದಬೇಡಿ. ರಕ್ತ ಪರೀಕ್ಷೆ, ಸ್ಕ್ಯಾನ್, ರೋಗಿಯ ಮೈ, ಎಲ್ಲವನ್ನೂ ಸೇರಿಸಿ ನೋಡಬೇಕಾದದ್ದು ಹೆಮಟಾಲಜಿಸ್ಟ್, ಅಂದರೆ ರಕ್ತದ ಕಾಯಿಲೆಗಳ ತಜ್ಞರ ಕೆಲಸ.

ಮತ್ತೆ ಮಾಡಿಸಬೇಕಾದರೆ

ಚಿಕಿತ್ಸೆ ಶುರುವಾದ ಮೇಲೆ ಔಷಧಿ ಹಿಡಿಯಿತೇ ಎಂದು ನೋಡಲು ಇದನ್ನು ಮತ್ತೆ ಮಾಡುವುದುಂಟು. ಮೊದಲ ಸಲದ ಅನುಭವವನ್ನು ಚೀಟಿಯಲ್ಲಿ ಬರೆದಿಡಿ: ಯಾವ ಬದಿ, ಯಾವ ಔಷಧಿ, ಯಾವುದು ಸಾಕಾಗಲಿಲ್ಲ. ಚಿಕ್ಕಪ್ಪ ಮೂರನೇ ಸಲ ಒಳಗೆ ಹೋಗುತ್ತಲೇ "ಹೋದ ಸಲ ಎಡಗಡೆ ಆಗಿತ್ತು, ಈ ಸಲ ಬಲಗಡೆ ಮಾಡ್ರಿ. ಇಂಜೆಕ್ಷನ್ ಕೊಟ್ಟ ಮೇಲೆ ಮೂರು ನಿಮಿಷ ಬಿಡ್ರಿ. ಎಳೆಯೋವಾಗ ಎಣಿಸ್ರಿ" ಎಂದು ತಾವೇ ಹೇಳಿಬಿಟ್ಟರು. ಹೊಸ ಡಾಕ್ಟರು ನಕ್ಕು ಒಪ್ಪಿದರು. ನರ್ಸ್ ಈ ಸಲ ನಾಲ್ಕಕ್ಕೇ ನಿಲ್ಲಿಸಿದರು.